ಗುಲಾಮ ಕೊನೆಗೂ ರಾಜಕುಮಾರನೇ ಯಾಕೆ?

ಅರಮನೆ ಕತೆಗಳಲ್ಲಿ ಗುಲಾಮ ಅಂತ ಬಂದವನು ಕೊನೆಗೆ ರಾಜಕುಮಾರನೇ ಆಗಿರುತ್ತಾನೆ. ಅಜ್ಜಿಕತೆಗಳ ಈ ಚಾಳಿಯನ್ನು, ಗಂಡಸರಿಬ್ಬರ ಪ್ರೇಮ ಬರೆಯುವ ಇಂದಿನ ಇಂಗ್ಲಿಷ್ ಕಲ್ಪನಾಲೋಕದ ಕಾದಂಬರಿಗಳೂ ಬಿಟ್ಟಿಲ್ಲ.

ಆಸ್ಟ್ರೇಲಿಯಾದ ಸಿ. ಎಸ್. ಪಕ್ಯಾಟ್ ಬರೆದ 'ಕ್ಯಾಪ್ಟಿವ್ ಪ್ರಿನ್ಸ್' ಮೂರು ಸಂಪುಟಗಳ ಕತೆ. ಕೊನೆಯದು ಬಂದದ್ದು 2016ರಲ್ಲಿ. ಅಕೀಲೋಸ್, ವೀರ್ ಎಂಬ ಎರಡು ಹಗೆಯ ರಾಜ್ಯಗಳು. ಅಕೀಲೋಸಿನ ಯುವರಾಜ ಡೇಮನ್‌ನನ್ನು ಅವನ ಮಲಅಣ್ಣ ಹೆಸರು ಮರೆಸಿ, ಗುಲಾಮನನ್ನಾಗಿಸಿ ವೀರ್ ದೇಶಕ್ಕೆ ಸಾಗಹಾಕುತ್ತಾನೆ. ಅಲ್ಲಿನ ಯುವರಾಜ ಲಾರೆಂಟ್. ಅವನ ಅಣ್ಣನನ್ನು ರಣರಂಗದಲ್ಲಿ ಕೊಂದವನು ಇದೇ ಡೇಮನ್. ಆ ಹಗೆ ನಿಧಾನಕ್ಕೆ ಒಲವಾಗುತ್ತದೆ. ಆ ಲೋಕದಲ್ಲಿ ಗಂಡಸು ಗಂಡಸನ್ನು ಒಲಿಯುವುದಕ್ಕೆ ಅಡ್ಡಿಯಿಲ್ಲ. ಶತ್ರುವನ್ನು ಒಲಿಯುವುದಕ್ಕೆ ಅಡ್ಡಿ.

ಗಂಡಸರಿಬ್ಬರ ಒಲವಿಗೆ ನಮ್ಮ ತಕರಾರು ಏನೂ ಇಲ್ಲ. ಅದನ್ನು ಅಪರಾಧ ಅಂದಿದ್ದ 377ನೇ ಕಲಮಿನ ಹಲ್ಲನ್ನು ಸುಪ್ರೀಂ ಕೋರ್ಟು 2018ರ ಸೆಪ್ಟೆಂಬರ್ 6ರಂದೇ ಕಿತ್ತುಹಾಕಿದೆ. ನಮ್ಮ ಕಣ್ಣು ಕುಕ್ಕುವುದು ಡೇಮನ್‌ನ ಕೊರಳಿನ ಚಿನ್ನದ ಪಟ್ಟಿ. ಗುಲಾಮಗಿರಿ ತಪ್ಪು ಅಂತ ಅವನಿಗೆ ಹೊಳೆಯುವುದು ಅದು ತನ್ನ ಕೊರಳಿಗೇ ಬಂದ ಮೇಲೆ. ಓದುಗರ ಕಣ್ಣೀರೂ ಅಷ್ಟೆ: ಅಯ್ಯೋ, ರಾಜಕುಮಾರನಿಗೆ ಈ ಗತಿಯೇ! ರಾಜಕುಮಾರನಲ್ಲದವನ ಕೊರಳಿನ ಪಟ್ಟಿಯ ಗತಿ ಏನು?

ಅದಕ್ಕೆ ಚರಿತ್ರೆಗೇ ಹೋಗಬೇಕು. 1305ರಲ್ಲಿ ಅಲ್ಲಾವುದ್ದೀನ್ ಖಿಲ್ಜಿಯ ದಂಡು ಮಾಳ್ವವನ್ನು ಗೆದ್ದಾಗ ಸೆರೆಸಿಕ್ಕವರಲ್ಲಿ ಬರಾದು ಎಂಬ ಹಿಂದೂ ಜಾತಿಯ ಒಬ್ಬ ಹುಡುಗನಿದ್ದ. ದಿಲ್ಲಿಯಲ್ಲಿ ಅವನು ಹಸನ್ ಆದ. (1311ರಲ್ಲಿ ನಮ್ಮ ದ್ವಾರಸಮುದ್ರದ ಮೇಲೆ ದಂಡೆತ್ತಿ ಬಂದ ಮಲಿಕ್ ಕಾಫರ್ ಕೂಡ ಹೀಗೇ ಖಂಭಾತಿನಲ್ಲಿ ಸಿಕ್ಕ ಗುಲಾಮ. ಅವನಿಗೆ ಅಂಟಿದ ಹೆಸರೇ 'ಸಾವಿರ ದಿನಾರಿನವನು'. ಮನುಷ್ಯನ ಹೆಸರೇ ಅವನ ರೇಟು!) ಅಲ್ಲಾವುದ್ದೀನನ ಮಗ ಮುಬಾರಕ್ 1316ರಲ್ಲಿ ಗದ್ದುಗೆಗೆ ಬಂದ, ಹಸನನಿಗೆ ಮನಸೋತು ಖುಸ್ರೋ ಖಾನ್ ಎಂಬ ಬಿರುದು ಕೊಟ್ಟ, ಸೈನ್ಯ ಕೊಟ್ಟು ವಾರಂಗಲ್ಲಿಗೆ ಕಳಿಸಿದ. 1320ರ ಜುಲೈಯಲ್ಲಿ ಖುಸ್ರೋನ ಕಡೆಯವರು ಅರಮನೆಯಲ್ಲೇ ಸುಲ್ತಾನನನ್ನು ಕೊಂದರು. ಖುಸ್ರೋ ನಾಸಿರುದ್ದೀನ್ ಎಂಬ ಹೆಸರಲ್ಲಿ ಪಟ್ಟವೇರಿದ. ಸುಮಾರು ಎರಡು ತಿಂಗಳು, ಅಷ್ಟೆ.

ಇದು ಪ್ರೇಮವೋ? ನಮಗೆ ಹಾಗನ್ನಲು ನಾಲಿಗೆ ಏಳುವುದಿಲ್ಲ. ಸುಲ್ತಾನ ಕರೆದಾಗ ಒಲ್ಲೆ ಅನ್ನುವ ಹಕ್ಕು ಗುಲಾಮನಿಗೆ ಎಲ್ಲಿತ್ತು? ಬಿರುದೂ ಪ್ರೀತಿಯೂ ಒಂದೇ ಕೈಯಿಂದ ಬಂದವು, ಕೋಳವೂ ಅದೇ ಕೈಯದು.

ಈ ಕತೆ ಹೇಳಿದವರು ಯಾರು ಅನ್ನೋದನ್ನೂ ನೋಡಿ. ಅಮೀರ್ ಖುಸ್ರೋ 'ತುಘಲಕ್ ನಾಮಾ' ಬರೆದದ್ದು ಗೆದ್ದ ತುಘಲಕನಿಗಾಗಿ. ಜಿಯಾವುದ್ದೀನ್ ಬರನಿ ತುಘಲಕರ ಆಸ್ಥಾನದಲ್ಲಿ ಬಾಳಿದವನು. ಬರನಿಗೆ ಕೊಲೆಯಷ್ಟೇ ದೊಡ್ಡ ಅಪರಾಧ ಖುಸ್ರೋನ ಹುಟ್ಟು. ಕೀಳು ಕುಲದವನು ಗದ್ದುಗೆ ಮುಟ್ಟಿದನಲ್ಲ ಎಂಬ ಉರಿ ಅವನ ಪುಟಪುಟದಲ್ಲೂ ಇದೆ. ಇದೇ ಬರನಿ ಇನ್ನೊಂದು ಗ್ರಂಥದಲ್ಲಿ, ಕೀಳು ಕುಲದ ಮಕ್ಕಳಿಗೆ ನಮಾಜು, ಉಪವಾಸದಂಥ ವಿಧಿ ಬಿಟ್ಟು ಓದುಬರಹ ಕಲಿಸಕೂಡದೆಂದು ಉಪಾಧ್ಯಾಯರಿಗೆ ಕಟ್ಟಪ್ಪಣೆ ಮಾಡಬೇಕು ಅನ್ನುತ್ತಾನೆ. ಹಳ್ಳಿ ಶಾಲೆಯ ಮೇಷ್ಟ್ರುಗಳೇ, ಈ ದನಿ ಎಲ್ಲೋ ಕೇಳಿದಂತಿದೆಯಲ್ಲವೇ? ಮನು ಒಬ್ಬನೇ ಅಲ್ಲ, ಅವನ ನೆಂಟರು ಎಲ್ಲ ಧರ್ಮದಲ್ಲೂ ಇದ್ದರು.

ಬರಾದುಗಳು ಯಾರೆಂಬ ಜಗಳವೂ ಇದೆ. ಅಮೀರ್ ಖುಸ್ರೋ ಅವರನ್ನು ಒಡೆಯನಿಗಾಗಿ ಪ್ರಾಣ ಕೊಡುವ ಕಾದಾಳುಗಳು ಅಂದ. ಆಮೇಲಿನ ಕೆಲವರು ಅದನ್ನು 'ಪರ್ವಾರಿ' ಎಂದು ಓದಿ ಅಸ್ಪೃಶ್ಯರು ಅಂದರು. ಖುಸ್ರೋನನ್ನು ನಮ್ಮವನೆಂದು ಮೆರವಣಿಗೆ ಮಾಡುವ ಆತುರ ನಮಗಿಲ್ಲ. ಕೈಗೆ ರಕ್ತ ಹತ್ತಿಸಿಕೊಂಡವನು ಅವನು. ಆದರೆ ಗದ್ದುಗೆಗಾಗಿ ಸ್ವಂತ ಚಿಕ್ಕಪ್ಪನನ್ನೇ ಕೊಲ್ಲಿಸಿದ ಅಲ್ಲಾವುದ್ದೀನನ ಹುಟ್ಟನ್ನು ಬರನಿ ಹೀಗೆ ಜರೆಯಲಿಲ್ಲ.

1320ರ ಸೆಪ್ಟೆಂಬರಿನಲ್ಲಿ ಘಾಜಿ ಮಲಿಕ್ ದಿಲ್ಲಿಗೆ ನುಗ್ಗಿದ. ಖುಸ್ರೋನ ತಲೆ ಹಾರಿತು. ಘಾಜಿ ಮಲಿಕ್ ಘಿಯಾಸುದ್ದೀನ್ ತುಘಲಕ್ ಆಗಿ ಗದ್ದುಗೆಯೇರಿ, ಖುಸ್ರೋ ಬೊಕ್ಕಸದಿಂದ ಹಂಚಿದ್ದ ಹಣವನ್ನೆಲ್ಲ ವಾಪಸು ವಸೂಲಿ ಮಾಡಿಸಲು ಜನ ಅಟ್ಟಿದ.