ಮುಳಬಾಗಿಲಿಗೆ ಬಂದ ವಿದ್ಯಾರ್ಥಿ

ಕಂಪ್ಯೂಟರ್ ವಿಜ್ಞಾನ ಓದುವ ಕೋಲಾರ, ಮಾಲೂರು, ಶ್ರೀನಿವಾಸಪುರದ ಹುಡುಗ ಹುಡುಗಿಯರಿಗೆ ಒಂದಲ್ಲ ಒಂದು ದಿನ ಈ ಪ್ರಶ್ನೆ ಎದುರಾಗುತ್ತದೆ: ಪ್ರೋಗ್ರಾಮಿಂಗ್‌ನ ಮೊದಲ ಪಾಠಗಳು ಮುಗಿದವು, ಇನ್ನು ಅಡ್ವಾನ್ಸ್ಡ್ ಕೋರ್ಸಿಗೆ ಸೇರಬಹುದೇ, ಇಲ್ಲ ಇನ್ನಷ್ಟು ಕಾಯಬೇಕೇ? ಕೋರ್ಸು ಹೊಸದು, ಪ್ರಶ್ನೆ ಹಳೆಯದು. ಇದೇ ಜಿಲ್ಲೆಯ ಮುಳಬಾಗಿಲಿನಲ್ಲಿ ಐನೂರು ವರ್ಷಗಳ ಹಿಂದೆಯೇ ಒಬ್ಬ ವಿದ್ಯಾರ್ಥಿ ಅದಕ್ಕೆ ತನ್ನದೇ ಉತ್ತರ ಕಂಡುಕೊಂಡಿದ್ದ.

15ನೆಯ ಶತಮಾನದ ಉತ್ತರಾರ್ಧದಲ್ಲಿ ಮುಳಬಾಗಿಲು ದ್ವೈತ ವೇದಾಂತದ ದೊಡ್ಡ ವಿದ್ಯಾಕೇಂದ್ರ. ಅಲ್ಲಿ ಪಾಠ ಹೇಳುತ್ತಿದ್ದವರು ಶ್ರೀಪಾದರಾಜರು. ಜಯತೀರ್ಥರ ‘ನ್ಯಾಯಸುಧಾ’ಕ್ಕೆ ಸಂಸ್ಕೃತದಲ್ಲಿ ‘ವಾಗ್ವಜ್ರ’ವೆಂಬ ವ್ಯಾಖ್ಯಾನ ಬರೆದ ಅವರೇ ‘ರಂಗವಿಠಲ’ ಅಂಕಿತದಲ್ಲಿ ಕನ್ನಡ ಹಾಡುಗಳನ್ನೂ ಕಟ್ಟಿದರು. ಅವರ ಬಳಿ ಓದಲು ಬಂದವರು ವ್ಯಾಸತೀರ್ಥರು, ಮುಂದೆ ವ್ಯಾಸರಾಯರೆಂದು ಹೆಸರಾದವರು.

ಬಂದಾಗ ಅವರೇನೂ ಹೊಸಬರಲ್ಲ. ಅಬ್ಬೂರಿನ ಬ್ರಹ್ಮಣ್ಯತೀರ್ಥರಿಂದ ಸನ್ಯಾಸ ಪಡೆದು, ಗುರುಗಳ ನಂತರ ಪೀಠವನ್ನೂ ಏರಿದ್ದರು. ಪೀಠ ಸಿಕ್ಕಿತೆಂದು ಓದು ಮುಗಿಸಲಿಲ್ಲ. ಸೋಮನಾಥ ಕವಿಯ ‘ವ್ಯಾಸಯೋಗಿಚರಿತ’ದ ಪ್ರಕಾರ ಮೊದಲು ಕಂಚಿಗೆ ಹೋಗಿ ಇತರ ದರ್ಶನಗಳನ್ನು ಕಲಿತರು, ಆಮೇಲೆ ಮುಳಬಾಗಿಲಿನಲ್ಲಿ ಕೆಲವು ವರ್ಷ ಇದ್ದು ತಮ್ಮ ದರ್ಶನದ ಮೇಲ್ಮಟ್ಟದ ಪಾಠ ಕೇಳಿದರು. ಎದುರಾಳಿಯ ವಾದ ಗೊತ್ತಿಲ್ಲದವನಿಗೆ ಸ್ವಂತ ಸಿದ್ಧಾಂತದ ಸೂಕ್ಷ್ಮವೂ ದಕ್ಕುವುದಿಲ್ಲ ಎಂಬುದು ಈ ಕ್ರಮದಲ್ಲೇ ಕಾಣುತ್ತದೆ.

ಶಾಸ್ತ್ರಗ್ರಂಥ ಓದುವ ಮುನ್ನ ನಾಲ್ಕು ಸಂಗತಿ ತಿಳಿದಿರಬೇಕೆಂಬುದು ಹಳೆಯ ಪದ್ಧತಿ: ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ. ಇಲ್ಲಿ ಅಧಿಕಾರಿ ಎಂದರೆ ಕಚೇರಿಯ ಸಾಹೇಬರಲ್ಲ, ಆ ಗ್ರಂಥವನ್ನು ಓದಲು ತಕ್ಕವನು. ಇಂದಿನ ಕೋರ್ಸುಗಳು ‘ಇಷ್ಟು ಮೊದಲೇ ಗೊತ್ತಿರಬೇಕು’ ಎಂದು ಕೊಡುವ ಪಟ್ಟಿ ಮಾಡುವುದೂ ಇದೇ ಕೆಲಸವನ್ನು.

ಆದರೆ ಈ ‘ಅಧಿಕಾರ’ ಎಂಬ ಮಾತು ನಮ್ಮ ಚರಿತ್ರೆಯಲ್ಲಿ ಬಾಗಿಲು ಮುಚ್ಚುವುದಕ್ಕೂ ಬಳಕೆಯಾಗಿದೆ. ಹುಟ್ಟನ್ನೇ ಯೋಗ್ಯತೆ ಎಂದವರ ನಡುವೆ ಕುರುಬ ಸಮುದಾಯದ ಕನಕದಾಸರು ವ್ಯಾಸರಾಯರ ಶಿಷ್ಯವರ್ಗದಲ್ಲಿದ್ದರು ಎಂಬುದು ಅದಕ್ಕೇ ಮುಖ್ಯ. 20ನೆಯ ಶತಮಾನಕ್ಕೆ ಬಂದರೆ ಬಾಗಿಲು ಕಾಯುವ ಕೆಲಸ ಪರೀಕ್ಷೆಗೆ ಬಂತು. 1887ರಲ್ಲಿ ಅದೇ ಮುಳಬಾಗಿಲಿನಲ್ಲಿ ಹುಟ್ಟಿದ ಡಿ.ವಿ. ಗುಂಡಪ್ಪನವರು ಮೆಟ್ರಿಕ್ಯುಲೇಷನ್ ದಾಟಲಿಲ್ಲ. ಕಾಲೇಜು ತಪ್ಪಿತು, ಓದು ತಪ್ಪಲಿಲ್ಲ. ಅವರಿಗೆ ಮೈಸೂರು ವಿಶ್ವವಿದ್ಯಾನಿಲಯ 1961ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟಿತು. ಇದರಿಂದ ಪರೀಕ್ಷೆಯೇ ಬೇಡವೆಂದು ಹೇಳಲಾಗದು. ಅಂಕಪಟ್ಟಿ ಒಂದು, ಸಿದ್ಧತೆ ಇನ್ನೊಂದು ಎಂದಷ್ಟೇ ಹೇಳಬಹುದು.

ಹಾಗಾದರೆ ಸಿದ್ಧತೆಯನ್ನು ಅಳೆಯುವುದು ಹೇಗೆ? ವ್ಯಾಸರಾಯರ ‘ನ್ಯಾಯಾಮೃತ’ವನ್ನು ನೋಡಿ. ಎದುರು ಪಕ್ಷದ ಮಾತನ್ನು ಮೊದಲು ಪೂರ್ತಿ ಮಂಡಿಸಿ, ಆಮೇಲೆ ಒಂದೊಂದೇ ಎಳೆ ಬಿಡಿಸುವ ಗ್ರಂಥವದು. ಅದಕ್ಕೆ ಉತ್ತರವಾಗಿ ಮಧುಸೂದನ ಸರಸ್ವತಿಗಳು ‘ಅದ್ವೈತಸಿದ್ಧಿ’ಯನ್ನೇ ಬರೆಯಬೇಕಾಯಿತು. ಕಲಿತದ್ದನ್ನು ಒಪ್ಪಿಸುವುದು ಒಂದು ಮಟ್ಟ. ಅದನ್ನು ಬಿಡಿಸಿ, ದೋಷ ಹುಡುಕಿ, ಮತ್ತೆ ಕಟ್ಟುವುದು ಅದರ ಮೇಲಿನ ಮಟ್ಟ.

ಪ್ರೋಗ್ರಾಮಿಂಗ್‌ಗೂ ಇದೇ ಅಳತೆಗೋಲು ಸಾಕು. ಪುಸ್ತಕ ಮುಚ್ಚಿಟ್ಟು, ಖಾಲಿ ಪರದೆಯ ಮೇಲೆ ಒಂದು ಪಟ್ಟಿಯನ್ನು ಏರಿಕೆ ಕ್ರಮದಲ್ಲಿ ಜೋಡಿಸುವ ಪ್ರೋಗ್ರಾಂ ಬರೆಯಬಲ್ಲಿರಾ? ಗೆಳತಿ ಬರೆದ ಕೋಡ್ ಎಲ್ಲಿ ಎಡವುತ್ತಿದೆಯೆಂದು ಸಾಲು ಸಾಲಾಗಿ ಹಿಡಿಯಬಲ್ಲಿರಾ? ಒಂದು ಫಂಕ್ಷನ್ ತನ್ನನ್ನೇ ಕರೆದುಕೊಂಡಾಗ ಏನಾಗುತ್ತದೆಂದು ಕಿರಿಯರಿಗೆ ಹೇಳಿಕೊಡಬಲ್ಲಿರಾ? ಮೂರಕ್ಕೂ ಹೌದೆಂದರೆ, ಮೊದಲ ಸೆಮಿಸ್ಟರಿನ ಅಂಕ ಎಷ್ಟೇ ಇರಲಿ, ಧೈರ್ಯವಾಗಿ ಸೇರಿ. ಇಲ್ಲವೆಂದರೂ ನಾಚಿಕೆಪಡಬೇಕಿಲ್ಲ, ಇನ್ನೊಂದಷ್ಟು ತಿಂಗಳ ಅಭ್ಯಾಸ ಬಾಕಿ ಇದೆ ಅಷ್ಟೆ. ಪೀಠವೇರಿದ್ದ ವ್ಯಾಸತೀರ್ಥರೂ ಮುಳಬಾಗಿಲಿಗೆ ನೇರವಾಗಿ ಬರಲಿಲ್ಲ, ಕಂಚಿಯ ದಾರಿಯಾಗಿ ಬಂದರು.