ದೇವಯ್ಯ, ಅಜ್ಜಮಾಡ ಬೋಪಯ್ಯ (1932–1965)

ಕೊಡಗಿನ ಅಜ್ಜಮಾಡ ಎಂಬ ಒಕ್ಕದಲ್ಲಿ (ಕೊಡವರ ಪಿತೃವಂಶೀಯ ಕುಟುಂಬ) ಜನಿಸಿ, 1954ರಲ್ಲಿ ಭಾರತೀಯ ವಾಯುಪಡೆಯನ್ನು ಸೇರಿದ ಯುದ್ಧವಿಮಾನ ಚಾಲಕ. 1965ರ ಭಾರತ–ಪಾಕಿಸ್ತಾನ ಯುದ್ಧದ ವೇಳೆಗೆ ಸ್ಕ್ವಾಡ್ರನ್ ಲೀಡರ್ ಹುದ್ದೆಯಲ್ಲಿದ್ದ ಇವರು, ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರಗೋಧಾ ವಾಯುನೆಲೆಯ ಮೇಲಿನ ದಾಳಿಗೆ ಮೀಸಲು ಚಾಲಕರಾಗಿ ನೇಮಕಗೊಂಡು, ಬಳಿಕ ದಾಳಿಯ ತಂಡವನ್ನು ಕೂಡಿಕೊಂಡರು. ಫ್ರಾನ್ಸ್ ನಿರ್ಮಿತ ಮಿಸ್ಟೇರ್ ವಿಮಾನದಲ್ಲಿದ್ದ ದೇವಯ್ಯ, ವೇಗದಲ್ಲಿ ತಮ್ಮದನ್ನು ಬಹುವಾಗಿ ಮೀರಿದ್ದ ಪಾಕಿಸ್ತಾನಿ ಸ್ಟಾರ್‌ಫೈಟರ್ ವಿಮಾನದೊಡನೆ ಸೆಣಸಿ, ಅದನ್ನು ಹೊಡೆದುರುಳಿಸಿ, ತಾವೂ ವೀರಮರಣವನ್ನಪ್ಪಿದರು. ಅವರು ಮರಳದ ಕಾರಣವನ್ನು ಅರಿಯದೆ ಪತ್ನಿ ಸುಂದರಿ ಮತ್ತು ಮಕ್ಕಳು ದೀರ್ಘಕಾಲ ಅನಿಶ್ಚಿತತೆಯನ್ನು ಅನುಭವಿಸಬೇಕಾಯಿತು. 1979ರಲ್ಲಿ ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ ಪ್ರಕಟಿಸಿದ ಗ್ರಂಥದಿಂದ ಈ ಕಾದಾಟದ ವಿವರ ಬೆಳಕಿಗೆ ಬಂದಿತು. ಯುದ್ಧಕಾಲದ ಶೌರ್ಯಕ್ಕೆ ಸಲ್ಲುವ ಎರಡನೆಯ ಅತ್ಯುನ್ನತ ಗೌರವವಾದ ಮಹಾವೀರ ಚಕ್ರವನ್ನು ಅವರಿಗೆ 1988ರಲ್ಲಿ ಮರಣೋತ್ತರವಾಗಿ ನೀಡಲಾಯಿತು.