ಎಲಾನ್ ಮತ್ತು ಎಲೀಸ್: ತೂಕ ಇಳಿಸಿದ ಎರಡು ಬಗೆ

ಇಂಗ್ಲೆಂಡಿನ ಲೋಟಸ್ ಕಂಪನಿಯ ಎರಡು ಸ್ಪೋರ್ಟ್ಸ್ ಕಾರುಗಳನ್ನು ಹೋಲಿಸುವವರು ಸಾಮಾನ್ಯವಾಗಿ ತೂಕದ ಅಂಕಿಯಿಂದ ಶುರುಮಾಡುತ್ತಾರೆ. 1962ರ ಎಲಾನ್ ಸುಮಾರು 690 ಕಿಲೊ, 1996ರಲ್ಲಿ ಮಾರಾಟಕ್ಕೆ ಬಂದ ಎಲೀಸ್ ಸುಮಾರು 725 ಕಿಲೊ. ನಡುವಿನ 34 ವರ್ಷಗಳಲ್ಲಿ ಉಳಿದ ಕಾರುಗಳೆಲ್ಲ ಮೈ ಬೆಳೆಸಿಕೊಂಡದ್ದನ್ನು ನೆನೆದರೆ ಇದು ಸಣ್ಣ ಸಾಧನೆಯಲ್ಲ. ಆದರೆ ಅಂಕಿಗಳು ಹತ್ತಿರವಿವೆ ಎಂದ ಮಾತ್ರಕ್ಕೆ ಎರಡೂ ಒಂದೇ ದಾರಿಯಲ್ಲಿ ಹಗುರವಾದವು ಎನ್ನಲಾಗದು. ಭಾರ ಹೊರುವ ಚಾಸಿ ಕಾರಿನ ಯಾವ ಜಾಗದಲ್ಲಿದೆ ಎಂಬುದು ನನ್ನ ಮಟ್ಟಿಗೆ ಹೆಚ್ಚು ಮುಖ್ಯವಾದ ಪ್ರಶ್ನೆ.

ಎಲಾನ್‌ನದು ಬೆನ್ನೆಲುಬಿನ ಚಾಸಿ. ಉಕ್ಕಿನ ತಗಡನ್ನು ಮಡಚಿ ಬೆಸೆದ ಉದ್ದನೆಯ ಪೆಟ್ಟಿಗೆಯೊಂದು ಎರಡು ಸೀಟುಗಳ ನಡುವೆ ಹಾದು, ಎರಡೂ ತುದಿಗಳಲ್ಲಿ ಕವಲೊಡೆಯುತ್ತದೆ. ಮುಂದಿನ ಕವಲಿನಲ್ಲಿ ಎಂಜಿನ್, ಹಿಂದಿನದರಲ್ಲಿ ಡಿಫರೆನ್ಷಿಯಲ್. ಮೇಲಿನ ಫೈಬರ್‌ಗ್ಲಾಸ್ ಮೈಯನ್ನು ಇದರ ಮೇಲೆ ಕೂರಿಸಿ ಬೋಲ್ಟ್ ಹಾಕಿದ್ದಾರೆ. ವಿನ್ಯಾಸ ರಾನ್ ಹಿಕ್‌ಮನ್ ಅವರದು; ಮುಂದೆ ವರ್ಕ್‌ಮೇಟ್ ಎಂಬ ಮಡಚುವ ಕೆಲಸದ ಮೇಜನ್ನು ಮಾಡಿ ಹೆಸರಾದವರೂ ಇವರೇ. ತಗಡನ್ನು ಪೋಲುಮಾಡುವ ಮನಸ್ಸು ಅವರಿಗಿರಲಿಲ್ಲ. ಮೇಲೇಳುವ ಹೆಡ್‌ಲೈಟುಗಳು ನಡೆಯುವುದು ನಿರ್ವಾತದ ಬಲದಿಂದ. ಅದಕ್ಕೆ ಬೇರೆ ತೊಟ್ಟಿ ಇಡದೆ ಚಾಸಿಯ ಮುಂದಿನ ಅಡ್ಡತೊಲೆಯ ಟೊಳ್ಳನ್ನೇ ಬಳಸಿದರು. ಆ ತೊಲೆಗೆ ತುಕ್ಕು ಹಿಡಿದು ತೂತಾದರೆ ಹಳೆಯ ಎಲಾನ್‌ನ ದೀಪಗಳು ಮೇಲೇಳವು. ಚಾಸಿಯ ಕಾಯಿಲೆಯನ್ನು ದೀಪ ತೋರಿಸಿಕೊಡುವ ಕಾರು ಬಹುಶಃ ಇದೊಂದೇ ಇರಬೇಕು! ಹಾಗಾದಾಗ ಮೈಯನ್ನು ಮೇಲೆತ್ತಿ, ಸತುವಿನ ಲೇಪವಿರುವ ಹೊಸ ಚಾಸಿ ಹಾಕುವುದು ರೂಢಿ.

ಎಲೀಸ್‌ನಲ್ಲಿ ರಿಚರ್ಡ್ ರಾಕ್‌ಹ್ಯಾಮ್ ಭಾರವನ್ನು ನಡುವಿನಿಂದ ಎರಡು ಬದಿಗಳಿಗೆ ಸರಿಸಿದರು. ಅಚ್ಚಿನಿಂದ ಹೊರತಳ್ಳಿದ ಅಲ್ಯೂಮಿನಿಯಂ ತೊಲೆಗಳನ್ನು ಬೆಸುಗೆ ಹಾಕದೆ ಎಪಾಕ್ಸಿ ಅಂಟಿನಿಂದ ಕೂಡಿಸಿ, ಅಂಟು ಸಿಪ್ಪೆಯಂತೆ ಏಳದಿರಲು ತುದಿಗಳಲ್ಲಿ ಸ್ಕ್ರೂ ಬಿಗಿದರು. ಬೆಸುಗೆಯ ಕಾವು ಅಲ್ಯೂಮಿನಿಯಮ್ಮಿನ ಬಲ ಕುಂದಿಸುತ್ತದೆ. ಅಂಟಿಗೆ ಆ ದೋಷವಿಲ್ಲ. ಹಾಗಾಗಿ ತೆಳುವಾದ ತೊಲೆಗಳೇ ಸಾಕಾದವು, ಇಡೀ ಚಾಸಿಯ ತೂಕ ಬರೀ 68 ಕಿಲೊಗೆ ಇಳಿಯಿತು. ಆದರೆ ಅಪಘಾತದಲ್ಲಿ ಇದು ಬಾಗಿದರೆ ಬಡಿದು ನೇರಮಾಡುವಂತಿಲ್ಲ, ಸಾಮಾನ್ಯವಾಗಿ ಚಾಸಿಯನ್ನೇ ಬದಲಿಸಬೇಕು.

ಇನ್ನೊಂದು ಬೆಲೆಯನ್ನು ಕೂರುವವರು ತೆರುತ್ತಾರೆ. ಎಲಾನ್‌ನ ಬಲವೆಲ್ಲ ನಡುವಿನಲ್ಲಿರುವುದರಿಂದ ಬಾಗಿಲ ಹೊಸ್ತಿಲು ತಗ್ಗು. ಎಲೀಸ್‌ನಲ್ಲಿ ಹೊಸ್ತಿಲೇ ತೊಲೆ. ಅದು ಎತ್ತರ, ಅಗಲ. ಟಾಪು ಹಾಕಿದ್ದಾಗ ಒಳಗೆ ತೂರುವುದು ಒಂದು ಕಸರತ್ತು. ಎರಡನೆಯ ಆವೃತ್ತಿಯಲ್ಲಿ ಅದನ್ನು ಸ್ವಲ್ಪ ತಗ್ಗಿಸಬೇಕಾಯಿತು. 1965ರ ಎಲಾನ್‌ಗೆ ಗುಂಡಿ ಒತ್ತಿದರೆ ಇಳಿಯುವ ಕಿಟಕಿ ಬಂದಿತ್ತು. ಮೊದಲ ಎಲೀಸ್‌ನಲ್ಲಿ ಕೈಯಿಂದ ತಿರುಗಿಸಬೇಕು. ಅನುಕೂಲವನ್ನು ಕೈಬಿಟ್ಟದ್ದು ಹೊಸ ಕಾರೇ ಎಂಬುದನ್ನು ಹಳೆಯದರ ಸರಳತೆಯನ್ನು ಕೊಂಡಾಡುವವರು ಗಮನಿಸಿದಂತಿಲ್ಲ.

ಎಂಜಿನ್ ಬಗ್ಗೆ ಎರಡೇ ಮಾತು. ಎಲಾನ್‌ನ 1558 ಸಿಸಿ ಟ್ವಿನ್ ಕ್ಯಾಮ್ 105 ಅಶ್ವಶಕ್ತಿಯದು, ಮುಂದಿದೆ. ಎಲೀಸ್‌ನ 1796 ಸಿಸಿ ರೋವರ್ ಎಂಜಿನ್ 118 ಅಶ್ವಶಕ್ತಿಯದು, ಸೀಟಿನ ಹಿಂದಿದೆ. ಸ್ಟಿಯರಿಂಗ್ ವಿಚಾರದಲ್ಲಿ ಮಾತ್ರ ಎಲಾನ್‌ನ ಕೀರ್ತಿ ಮಾಸಿಲ್ಲ. ಮೆಕ್ಲಾರೆನ್ ಎಫ್1 ರೂಪಿಸಿದ ಗಾರ್ಡನ್ ಮರ್ರೆ, ಆ ಹಿಡಿತವನ್ನು ತಮ್ಮ ಕಾರಿಗೆ ತರಲಾಗಲಿಲ್ಲ ಎಂದು ಪೇಚಾಡಿದ್ದುಂಟು.

ಹೋಲಿಸುವವರು ಇನ್ನೊಂದು ಎಚ್ಚರ ವಹಿಸಬೇಕು. 2004ರಲ್ಲಿ ಟೊಯೊಟಾ ಎಂಜಿನ್, ಏರ್‌ಬ್ಯಾಗ್, ಎಬಿಎಸ್ ಸಮೇತ ಅಮೆರಿಕಕ್ಕೆ ಹೋದ ಎಲೀಸ್ ಸುಮಾರು 900 ಕಿಲೊ ತೂಗುತ್ತಿತ್ತು. ಆ ಕಾರನ್ನು 1962ರ ಎಲಾನ್ ಪಕ್ಕದಲ್ಲಿ ನಿಲ್ಲಿಸಿದರೆ ಅಂತರ 35 ಕಿಲೊ ಅಲ್ಲ, 200ಕ್ಕೂ ಹೆಚ್ಚು.